ಸೈತಾನನ ಎದುರು ಒಬ್ಬ ಸಾರಥಿ

ದೇವರ ವಿರುದ್ಧ ದಂಗೆ ಎದ್ದು ನರಕಕ್ಕೆ ಬಿದ್ದ ಸೈತಾನ ಆದಮ್, ಈವ್‌ರನ್ನು ಕೆಡಿಸುವ ಕಥೆ ಇಂಗ್ಲಿಷ್ ಕವಿ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್'. ಧಾರವಾಡದ ಕಡೆ ನಾಲ್ಕು ಮಂದಿ ಕೂಡಿ ಅದನ್ನು ಓದಿದರೆ ಮಾತು ಬೇಗ ಒಂದು ತೀರ್ಮಾನಕ್ಕೆ ಬಂದು ನಿಲ್ಲುತ್ತದೆ: ಸೈತಾನ ಕ್ರಾಂತಿಕಾರಿ, ದೇವರು ಸರ್ವಾಧಿಕಾರಿ. ಇದು ಇವತ್ತಿನ ಮಾತಲ್ಲ. ವಿಪರೀತ ಅಸಮಾನತೆಗೆ ಸರಿಯಾದ ಕಾರಣ ಕಾಣದೆ ಸೈತಾನ ದಂಗೆ ಎದ್ದ ಎಂದು ಇಂಗ್ಲಿಷ್ ಚಿಂತಕ ಗಾಡ್ವಿನ್ 1793ರಲ್ಲೇ ಬರೆದ. ಕವಿಗಳಾದ ಬ್ಲೇಕ್, ಶೆಲ್ಲಿ ಅದೇ ದಾರಿ ಹಿಡಿದರು. ರಷ್ಯದ ಅರಾಜಕತಾವಾದಿ ಬಕೂನಿನ್ ಸೈತಾನನನ್ನು ಶಾಶ್ವತ ಬಂಡಾಯಗಾರ ಎಂದೇ ಕರೆದ. ಇವರೆಲ್ಲ ದೊಡ್ಡ ಓದುಗರು, ಅನುಮಾನವಿಲ್ಲ. ಆದರೆ ನಮ್ಮಲ್ಲಿ ಈ ತೀರ್ಮಾನಕ್ಕೆ ಕಾರಣ ಬೇರೆ. ಪದವಿ ತರಗತಿಗಳಲ್ಲಿ ಹೆಚ್ಚಾಗಿ ಮೊದಲ ಎರಡು ಕಾಂಡಗಳಷ್ಟೇ ಪಠ್ಯವಾಗಿರುತ್ತವೆ. ಇಡೀ ಕಾವ್ಯಕ್ಕೆ ಹನ್ನೆರಡು ಕಾಂಡ, ಹತ್ತು ಸಾವಿರಕ್ಕೂ ಮಿಕ್ಕಿ ಸಾಲು. ಸೈತಾನನ ಭಾಷಣಗಳು ಮೊದಲಲ್ಲೇ ಇವೆ, ಅವನ ಲೆಕ್ಕಪತ್ರ ಆಮೇಲಿನ ಕಾಂಡಗಳಲ್ಲಿದೆ.

ಇಡೀ ಪುಸ್ತಕ ಓದಲು ಎಲ್ಲರಿಗೂ ಆಗದು. ಎರಡೆರಡು ತಾಸಿನ ನಾಲ್ಕು ಬೈಠಕ್ ಸಾಕು, ಆದರೆ ಓದುವ ಕ್ರಮ ಬದಲಿಸಬೇಕು. ಮೊದಲು ಐದನೇ ಕಾಂಡದ ಕೊನೆಯ ಮೂರು ನೂರು ಚಿಲ್ಲರೆ ಸಾಲು (577ರಿಂದ 907), ಆಮೇಲೆ ಒಂದನೇ ಕಾಂಡ ಮತ್ತು ಎರಡನೇ ಕಾಂಡದ ಸಭೆಯ ಭಾಗ, ಮೂರನೇ ಬೈಠಕ್‌ಗೆ ನಾಲ್ಕನೇ ಕಾಂಡದಿಂದ ಎರಡು ತುಣುಕು, ಕೊನೆಗೆ ಹತ್ತು ಮತ್ತು ಹನ್ನೆರಡನೇ ಕಾಂಡದ ಆಯ್ದ ಭಾಗ. ದಂಗೆ ಹುಟ್ಟಿದ್ದು ಹೇಗೆ ಎಂಬುದು ಐದನೇ ಕಾಂಡದಲ್ಲಿದೆ. ಒಂದನೇ ಕಾಂಡದಿಂದ ಶುರು ಮಾಡಿದರೆ ಸೋತು ಬಿದ್ದವನ ಗಾಯ ಮೊದಲು ಕಾಣುತ್ತದೆ, ಜಗಳದ ಮೂಲ ಕಾಣುವಷ್ಟರಲ್ಲಿ ಮನಸ್ಸು ಅವನ ಕಡೆ ವಾಲಿರುತ್ತದೆ.

ಓದುವಾಗ ಸಾಲಿನ ತುದಿಗೆ ನಿಲ್ಲಬೇಡಿ, ವಿರಾಮಚಿಹ್ನೆ ಬಂದಲ್ಲಿ ನಿಲ್ಲಿ. ಕಾವ್ಯದ ಮೊದಲ ವಾಕ್ಯವೇ ಹದಿನಾರು ಸಾಲಿನದು, ಅದರ ಮುಖ್ಯ ಕ್ರಿಯಾಪದ ಸಿಗುವುದು ಆರನೇ ಸಾಲಿನಲ್ಲಿ. ಕ್ರಿಯಾಪದಕ್ಕಾಗಿ ಕಾಯುವುದು ನಮಗೆ ರೂಢಿಯೇ ಆದ್ದರಿಂದ ಇದು ಕನ್ನಡದವರಿಗೆ ಅಷ್ಟು ಕಷ್ಟವಾಗದು. ಅವಸರ ಮಾಡದೆ ಗಟ್ಟಿಯಾಗಿ ಓದಿದರೆ ಒಂದನೇ ಕಾಂಡದ 798 ಸಾಲಿಗೆ ಒಂದು ತಾಸು ಹಿಡಿಯುತ್ತದೆ.

ಇನ್ನೊಂದು ಏರ್ಪಾಡು ನಮ್ಮ ದೊಡ್ಡಾಟದಿಂದಲೇ ಬರಲಿ. ಅಲ್ಲಿ ರಾಜ ರಂಗಕ್ಕೆ ಬಂದು ಎಷ್ಟೇ ಆರ್ಭಟಿಸಲಿ, ಸಾರಥಿ ಎದುರು ನಿಂತು ತಾವು ಯಾರು, ಬಂದ ಕಾರಣವೇನು ಎಂದು ಕೇಳಿಯೇ ಕೇಳುತ್ತಾನೆ. ಸೈತಾನನ ಪಾಲು ಓದುವವರ ಎದುರಿಗೆ ಹಾಗೊಬ್ಬ ಸಾರಥಿಯನ್ನು ಕೂಡಿಸಿ. ಪ್ರತಿ ಭಾಷಣದ ನಂತರ ಆ ಸಾರಥಿ ಮೂರೇ ಪ್ರಶ್ನೆ ಕೇಳಲಿ: ನಿನ್ನ ದೂರೇನು? ಜೊತೆಗಾರರಿಗೆ ಏನು ಹೇಳಿದೆ, ಏನು ಮುಚ್ಚಿಟ್ಟೆ? ಎದುರು ಮಾತಾಡಿದವನ ಗತಿ ಏನಾಯಿತು? ಉತ್ತರ ಪಠ್ಯದ ಸಾಲಿನಿಂದಲೇ ಬರಬೇಕು, ಸಾಲಿನ ಸಂಖ್ಯೆ ಸಮೇತ.

ದೂರಿನ ಪ್ರಶ್ನೆ ನಮ್ಮ ಸೀಮೆಯಲ್ಲಿ ಬರೀ ಪುಸ್ತಕದ್ದಾಗಿ ಉಳಿಯುವುದಿಲ್ಲ. 1858ರಲ್ಲಿ ದತ್ತಕದ ಹಕ್ಕು ನಿರಾಕರಿಸಿದ ಕಂಪನಿ ಸರ್ಕಾರದ ವಿರುದ್ಧ ಸಂಸ್ಥಾನಿಕ ಬಾಬಾಸಾಹೇಬ ಎದ್ದದ್ದು ನರಗುಂದದಲ್ಲಿ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರದ ವಿರುದ್ಧ ರೈತರು ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದ್ದು ನರಗುಂದ, ನವಲಗುಂದಗಳಲ್ಲಿ. ಸಂಸ್ಥಾನಿಕನ ದೂರು, ಉಳುವವನ ದೂರು ಎರಡನ್ನೂ ಕಂಡ ನೆಲ ಇದು. ಸೈತಾನನದು ಯಾವ ಜಾತಿಯ ದೂರು? ದೇವರು ತನ್ನ ಮಗನನ್ನು ಎಲ್ಲರ ಮೇಲೆ ನೇಮಿಸಿದ, ತನ್ನ ಸ್ಥಾನಕ್ಕೆ ಕುಂದು ಬಂತು, ಇಷ್ಟೇ. ಸ್ವಾತಂತ್ರ್ಯದಲ್ಲಿ ನಾವು ಸಮಾನರು, ನಮ್ಮ ಮೇಲೆ ಯಾರ ಅರಸೊತ್ತಿಗೆ ಎಂದು ಕೇಳುತ್ತಾನೆ. ಮಾತು ಚೊಕ್ಕವಾಗಿದೆ. ಆದರೆ ಅದಕ್ಕೆ ಒಂದೆರಡು ಸಾಲು ಮುಂಚೆ, ದರ್ಜೆ ಮತ್ತು ಅಂತಸ್ತುಗಳಿಗೂ ಸ್ವಾತಂತ್ರ್ಯಕ್ಕೂ ವಿರೋಧವಿಲ್ಲ ಎಂದು ಸೇರಿಸಿರುತ್ತಾನೆ (ಐದನೇ ಕಾಂಡ, 792, 793). ಮೇಲಿನವರ ಜೊತೆ ಸಮಾನತೆ ಬೇಕು, ಕೆಳಗಿನವರ ಜೊತೆ ಬೇಡ. ಗಾಡ್ವಿನ್ ಈ ಎರಡು ಸಾಲನ್ನು ದಾಟಿ ಹೋದ.

ಮುಚ್ಚಿಟ್ಟ ಸಂಗತಿಯೂ ಅಲ್ಲೇ ಇದೆ. ಸ್ವರ್ಗಸೇನೆಯ ಮೂರನೇ ಒಂದು ಪಾಲನ್ನು ಅವನು ರಾತ್ರೋರಾತ್ರಿ ಉತ್ತರಕ್ಕೆ ಕರೆದೊಯ್ಯುವುದು ದಂಗೆಯ ಹೆಸರಿನಲ್ಲಲ್ಲ. ಹೊಸ ದೊರೆಯ ಸ್ವಾಗತಕ್ಕೆ ತಯಾರಿ ಎಂಬ ನೆಪ ಹೇಳಿ. ಅಲ್ಲಿ ಎದ್ದು ನಿಂತು ಇಲ್ಲ ಎಂದವನು ಅಬ್ದಿಯೆಲ್ ಎಂಬ ದೇವದೂತ ಒಬ್ಬನೇ. ಅವನಿಗೆ ಸಿಕ್ಕಿದ್ದು ಗೇಲಿ, ಬೆದರಿಕೆ. ಮೊದಲ ಬೈಠಕ್‌ನಲ್ಲಿ ಅಬ್ದಿಯೆಲ್‌ನ ಪಾಲನ್ನು ಅತ್ಯಂತ ಚೆನ್ನಾಗಿ ಓದುವವರಿಗೆ ಕೊಡಿ. ಸಾಮಾನ್ಯವಾಗಿ ಒಳ್ಳೆಯ ದನಿಯೆಲ್ಲ ಸೈತಾನನ ಪಾಲಾಗುತ್ತದೆ, ಅಬ್ದಿಯೆಲ್ ಸಪ್ಪೆಯಾಗುತ್ತಾನೆ, ಚರ್ಚೆ ಅಲ್ಲಿಗೇ ಮುಗಿದಂತೆ.

ಒಂದನೇ ಕಾಂಡದ ಕೊನೆಯನ್ನು ಎರಡು ಸಲ ಓದಿ. ನರಕದಲ್ಲಿ ಪ್ಯಾಂಡಮೋನಿಯಂ ಎಂಬ ಸಭಾಮಂದಿರ ಎದ್ದಿದೆ. ಜಾಗ ಸಾಲದೆ ಸಾಮಾನ್ಯ ಭೂತಗಳು ಕುಬ್ಜರಾಗಿ ಕುಗ್ಗಿ ಹಜಾರದಲ್ಲಿ ಇಡಿಕಿರಿಯುತ್ತವೆ. ಒಳಗಿನ ಗುಪ್ತಸಭೆಯಲ್ಲಿ ಮಾತ್ರ ದೊಡ್ಡ ದೊಡ್ಡ ಸರದಾರರು ತಮ್ಮ ಪೂರ್ತಿ ಗಾತ್ರದಲ್ಲಿ ಬಂಗಾರದ ಆಸನದ ಮೇಲೆ ಕೂತಿದ್ದಾರೆ. ಎರಡನೇ ಕಾಂಡದ ಚರ್ಚೆ ಇವರ ನಡುವಿನದು. ಮೊಲೊಕ್ ಯುದ್ಧ ಬೇಕೆನ್ನುತ್ತಾನೆ, ಬೀಲಿಯಲ್ ಸುಮ್ಮನಿರೋಣ ಎನ್ನುತ್ತಾನೆ, ಇಲ್ಲೇ ನಮ್ಮ ರಾಜ್ಯ ಕಟ್ಟೋಣ ಎಂದ ಮ್ಯಾಮನ್‌ಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಆಗ ಬಿಯೆಲ್ಜಬಬ್ ಎದ್ದು ಮನುಷ್ಯರನ್ನು ಕೆಡಿಸುವ ಯೋಜನೆ ಮುಂದಿಡುತ್ತಾನೆ. ಅದು ಸೈತಾನನೇ ಮೊದಲು ಹೆಣೆದದ್ದು ಎಂದು ಮಿಲ್ಟನ್ ಬಿಚ್ಚಿ ಹೇಳುತ್ತಾನೆ. ಠರಾವು ಪಾಸಾಗುತ್ತದೆ. ನಾನೇ ಹೋಗುತ್ತೇನೆ ಎಂದ ಸೈತಾನ, ಬೇರೆ ಯಾರೂ ಬಾಯಿ ತೆರೆಯದ ಹಾಗೆ ತಕ್ಷಣ ಎದ್ದುಬಿಡುತ್ತಾನೆ (466, 467). ಎಲ್ಲರೂ ದೇವರಿಗೆ ಬಾಗುವಂತೆ ಬಾಗುತ್ತಾರೆ. ಸಭೆ ನಡೆಸಿ ಗೊತ್ತಿರುವ ಯಾರಿಗೂ ಈ ತಂತ್ರ ವಿವರಿಸಬೇಕಿಲ್ಲ.

ಮೂರನೇ ಬೈಠಕ್‌ಗೆ ನಾಲ್ಕನೇ ಕಾಂಡದ 32ರಿಂದ 113 ಮತ್ತು 358ರಿಂದ 394. ಆದಮ್, ಈವ್‌ರನ್ನು ಕಂಡು ಮರುಕಪಡುತ್ತಲೇ, ರಾಜ್ಯಕಾರಣ ನನ್ನನ್ನು ಒತ್ತಾಯಿಸುತ್ತಿದೆ ಎನ್ನುತ್ತಾನೆ ಸೈತಾನ. ಅನಿವಾರ್ಯತೆ ಎಂಬುದು ದಬ್ಬಾಳಿಕೆಗಾರನ ನೆಪ ಎಂದು ಮಿಲ್ಟನ್ ಅಲ್ಲೇ ತೀರ್ಪು ಕೊಡುತ್ತಾನೆ. ಇಂಗ್ಲೆಂಡಿನ ಇತಿಹಾಸ ಇಲ್ಲಿ ಬೇಕು: 1630ರ ದಶಕದಲ್ಲಿ ಒಂದನೇ ಚಾರ್ಲ್ಸ್ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಡಗು ತೆರಿಗೆ ಎತ್ತಿದ್ದು ಇದೇ ವಾದದ ಮೇಲೆ. 1649ರ ಜನವರಿ 30ರಂದು ಆ ದೊರೆಯ ತಲೆ ಉರುಳಿತು. ಅದನ್ನು ಸಮರ್ಥಿಸಿ ಬರೆದವನು, ಆ ಗಣರಾಜ್ಯದ ವಿದೇಶ ಪತ್ರವ್ಯವಹಾರ ನೋಡಿಕೊಂಡವನು ಇದೇ ಮಿಲ್ಟನ್. ಸೈತಾನನ ಬಾಯಲ್ಲಿರುವುದು ಗಣರಾಜ್ಯದ ನುಡಿ, ಕೈಯಲ್ಲಿರುವುದು ಚಾರ್ಲ್ಸ್‌ನ ಆಡಳಿತ.

ಇಲ್ಲಿ ಯಾರಾದರೂ ರನ್ನನ 'ಗದಾಯುದ್ಧ'ದ ದುರ್ಯೋಧನನನ್ನು ತಂದೇ ತರುತ್ತಾರೆ. ತರಲಿ. ಅತ್ತಿಮಬ್ಬೆಯ ಲಕ್ಕುಂಡಿ ಗದಗಿನ ಪಕ್ಕದಲ್ಲೇ ಇದೆ, ಅವಳ ಆಶ್ರಯದಲ್ಲಿ 'ಅಜಿತಪುರಾಣ' ಬರೆದ ಕವಿ ನಮಗೆ ದೂರದವನಲ್ಲ. 'ನೆಲಕಿರಿವೆನೆಂದು ಬಗೆದಿರೆ ಛಲಕಿರಿವೆಂ' ಎಂಬ ಮಾತು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ದುರ್ಯೋಧನ ಆಳುವ ಅರಸು, ಪಾಲು ಕೇಳಿದವರಿಗೆ ಇಲ್ಲವೆಂದವನು. ಅವನನ್ನು ಕ್ರಾಂತಿಯ ಸಂಕೇತ ಮಾಡುವುದು ತಪ್ಪು. ಅವನ ದೊಡ್ಡತನ ಇರುವುದು ರಣರಂಗದಲ್ಲಿ ಅಭಿಮನ್ಯುವಿನ ಹೆಣದ ಮುಂದೆ ವೈರಿಯ ಮಗನನ್ನು ಮೆಚ್ಚುವುದರಲ್ಲಿ, ಕರ್ಣನಿಗಾಗಿ ಅಳುವುದರಲ್ಲಿ. ಸೈತಾನನಿಗೆ ಆ ಗೆಳೆತನ ಇಲ್ಲ.

ಕೊನೆಯ ಬೈಠಕ್‌ನಲ್ಲಿ ಹತ್ತನೇ ಕಾಂಡದ 460ರಿಂದ 547: ಗೆದ್ದು ಬಂದೆ ಎಂದು ಜೈಕಾರಕ್ಕೆ ಕಾದವನಿಗೆ ಹಾವಾದ ತನ್ನವರ ಬುಸುಗುಟ್ಟುವಿಕೆ ಕೇಳಿಸುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಮಿಲ್ಟನ್ ಕೊನೆಗೆ ಅರಸೊತ್ತಿಗೆಗೆ ಶರಣಾದ ಎಂಬ ತಪ್ಪು ಅಭಿಪ್ರಾಯ ಉಳಿಯುತ್ತದೆ. ಅವನು ಶರಣಾಗಲಿಲ್ಲ. 1660ರಲ್ಲಿ ದೊರೆ ಮರಳುವ ಕೆಲವೇ ವಾರ ಮುಂಚೆಯೂ ಗಣರಾಜ್ಯ ಬಿಡಬೇಡಿ ಎಂದು ಕಿರುಹೊತ್ತಗೆ ಬರೆದ, ಆ ವರ್ಷವೇ ಅವನ ಪುಸ್ತಕ ಸುಟ್ಟರು, ಸೆರೆಗೆ ಹಾಕಿದರು. ಏಳು ವರ್ಷದ ಮೇಲೆ ಈ ಕಾವ್ಯ ಅಚ್ಚಾಯಿತು. ಆದ್ದರಿಂದ ಹನ್ನೆರಡನೇ ಕಾಂಡದ 24ರಿಂದ 71ರವರೆಗೆ ಓದಿಯೇ ಏಳಿ. ಸಮಾನರ ಮೇಲೆ ದೊರೆಯಾದ ನಿಮ್ರೋದನನ್ನು ಆದಮ್ ಅಲ್ಲಿ ಬಯ್ಯುತ್ತಾನೆ: ಮನುಷ್ಯರ ಮೇಲೆ ಮನುಷ್ಯನನ್ನು ದೇವರು ಒಡೆಯನಾಗಿ ಮಾಡಲಿಲ್ಲ. ಮಿಲ್ಟನ್ ತನ್ನ 1649ರ ಮಾತನ್ನು ಒಪ್ಪಿಸಿದ್ದು ಸೈತಾನನಿಗಲ್ಲ, ಈ ಆದಮ್‌ನಿಗೆ.