23 ಮಾತ್ರೆಗಳ ರಿಫ್: ಐದನೆಯ ಸುತ್ತಿನ ಗಂಟು ಬಿಚ್ಚಿತು

ಸ್ವೀಡನ್ನಿನ ಮೆಶುಗ್ಗಾ ಎಂಬ ಮೆಟಲ್ ಸಂಗೀತ ತಂಡದ 1998ರ ‘ಕೇಯಾಸ್ಫಿಯರ್’ ಆಲ್ಬಮ್ಮಿನಲ್ಲಿರುವ ‘ನ್ಯೂ ಮಿಲೇನಿಯಂ ಸಯನೈಡ್ ಕ್ರೈಸ್ಟ್’ ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ನುಡಿಕೆ, ಮೂರು ವಾರ ನನ್ನ ನಿದ್ದೆ ಕೆಡಿಸಿತ್ತು. ನಿನ್ನೆ ರಾತ್ರಿ ಅದರ ಲೆಕ್ಕ ಕೂಡಿಬಂತು. ಹಾಡಿನ ವೇಗ ತಗ್ಗಿಸಿ ಗಿಟಾರಿನ ಪೆಟ್ಟುಗಳನ್ನು ಗ್ರಿಡ್ಡಿನ ಚೌಕಗಳಲ್ಲಿ ಗುರುತಿಸುವುದು ಎಲ್ಲರೂ ಮಾಡುವ ಕೆಲಸವಾದ್ದರಿಂದ ಅದನ್ನಿಲ್ಲಿ ವಿವರಿಸುವುದಿಲ್ಲ.

ಸಿಂಬಲ್ ನಾಲ್ಕು ಪೆಟ್ಟಿನ ಬಾರನ್ನು (ತಾಳದ ಒಂದು ಅಳತೆಯನ್ನು) ಅಲುಗದಂತೆ ಹಿಡಿದಿರುತ್ತದೆ. ಪೆಟ್ಟಿನ ಕಾಲು ಭಾಗವನ್ನು ಒಂದು ಮಾತ್ರೆಯೆಂದು ಎಣಿಸಿದರೆ, ಇಂಥ ಎಂಟು ಬಾರುಗಳಿಗೆ 128 ಮಾತ್ರೆಗಳು. ಗಿಟಾರ್, ಬೇಸ್ ಮತ್ತು ಕಾಲಿನ ಡ್ರಮ್ ಮಾತ್ರ 23 ಮಾತ್ರೆಗಳ ಒಂದೇ ನಡೆಯನ್ನು ಸುತ್ತಿ ಸುತ್ತಿ ನುಡಿಸುತ್ತವೆ. ಇಷ್ಟು ತಿಳಿದಿದ್ದರೂ, ಆರನೆಯ ಬಾರಿನ ಕೊನೆಯಲ್ಲಿ ರಿಫ್ ಮತ್ತೆ ಮೊದಲಿನಂತೆಯೇ ಪೆಟ್ಟಿಗೆ ಸರಿಯಾಗಿ ಬಿದ್ದದ್ದನ್ನು ಕೇಳಿ, 128ರ ಲೆಕ್ಕ ಅಲ್ಲಿಂದಲೇ ಹೊಸದಾಗಿ ಶುರುವಾಗುತ್ತದೆಂದು ನಂಬಿ ಬಾರಿನ ಗೆರೆಯನ್ನು ಅಲ್ಲಿಗೆ ಎಳೆದಿದ್ದೆ. ಅಲ್ಲಿಂದ ಮುಂದೆ ಬರೆದದ್ದೆಲ್ಲ ಹಾಳಾಯಿತು.

ನುಡಿಸಿಯೇ ಪರೀಕ್ಷಿಸೋಣವೆಂದರೆ, ಗಿಟಾರಿನ ಏಳು ತಂತಿಯ ಸೆಟ್ಟಿಗೆ ಹಣ ಕಟ್ಟಿಸಿಕೊಂಡ ಅಂಗಡಿಯವರು ಎರಡನೆಯ ಸಲವೂ ಆರು ತಂತಿಯದನ್ನೇ ಕಳುಹಿಸಿದ್ದಾರೆ. ಅತ್ಯಂತ ದಪ್ಪ ತಂತಿಯೇ ಇಲ್ಲದ ಸೆಟ್ಟು ಈ ಸಂಗೀತಕ್ಕೆ ಯಾವ ಉಪಯೋಗಕ್ಕೂ ಬಾರದು. ಬೇರೆ ದಾರಿಯಿಲ್ಲದೆ ತೊಡೆಯ ಮೇಲೆ ಎಂಟು ಅಕ್ಷರಗಳ, ಅಂದರೆ ಎಂಟು ಎಣಿಕೆಗಳ, ಆದಿತಾಳ ಹಾಕುತ್ತ, ಅಕ್ಷರಕ್ಕೆ ನಾಲ್ಕು ಮಾತ್ರೆ ಹಿಡಿದು, ಬಾಯಲ್ಲಿ ರಿಫ್ಫನ್ನು ಹೇಳತೊಡಗಿದೆ. ಆವರ್ತಕ್ಕೆ, ಅಂದರೆ ತಾಳದ ಒಂದು ಪೂರ್ತಿ ಸುತ್ತಿಗೆ, 32 ಮಾತ್ರೆ; 128 ಎಂದರೆ ಸರಿಯಾಗಿ ನಾಲ್ಕು ಆವರ್ತ.

ಗಂಟು ಬಿಚ್ಚಿದ್ದು ಆಗ. 23 ಎಂಬುದು ಆರು ಪೆಟ್ಟುಗಳ ಇಪ್ಪತ್ನಾಲ್ಕಕ್ಕೆ ಒಂದು ಕಡಿಮೆಯಾದ್ದರಿಂದ ಪ್ರತಿ ಸುತ್ತೂ ಒಂದೊಂದು ಮಾತ್ರೆ ಮುಂಚಿತವಾಗಿ ಹೊರಡುತ್ತದೆ: ಎರಡನೆಯದು ಪೆಟ್ಟಿಗೆ ಒಂದು ಮಾತ್ರೆ ಮೊದಲು, ಮೂರನೆಯದು ಎರಡು, ನಾಲ್ಕನೆಯದು ಮೂರು. 92 ಮಾತ್ರೆ ಕಳೆದ ಮೇಲೆ ಐದನೆಯ ಸುತ್ತು ಪುನಃ ಪೆಟ್ಟಿನ ಮೇಲೆಯೇ ಬರುತ್ತದೆ, ಆದರೆ ಸಮದಲ್ಲಿ (ಆವರ್ತದ ಮೊದಲ ಅಕ್ಷರದಲ್ಲಿ) ಅಲ್ಲ, ಮೂರನೆಯ ಆವರ್ತದ ಎಂಟನೆಯ ಅಕ್ಷರದಲ್ಲಿ. ನನ್ನ ಕಿವಿ ಮೋಸಹೋದದ್ದು ಇದೇ ಜಾಗದಲ್ಲಿ. ಆರನೆಯ ಸುತ್ತು 13 ಮಾತ್ರೆ ನಡೆಯುವಷ್ಟರಲ್ಲಿ 128 ಮುಗಿದು, ನಡೆಯನ್ನು ಅರ್ಧದಲ್ಲೇ ತುಂಡರಿಸಿ ಎಲ್ಲರೂ ಸಮಕ್ಕೆ ಮರಳುತ್ತಾರೆ.

ನಮ್ಮ ಮೃದಂಗದವರು ಮುಕ್ತಾಯದ (ಮೂರು ಸಲ ನುಡಿಸಿ ಮುಗಿಸುವ ನುಡಿಕೆಯ) ಮೂರೂ ಸುತ್ತು ಪೂರ್ಣವಾಗಿ ಸಮಕ್ಕೆ ಬಂದು ಸೇರುವಂತೆ ಅದನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಆರಂಭ ಸಮದಲ್ಲಿದೆ, ಕತ್ತರಿ ಬೀಳುವುದು ಬಾಲಕ್ಕೆ. ಒಂದು ಸ್ವರವೂ ಬದಲಾಗದೆ ರಿಫ್ ಬೆಳೆಯುತ್ತಿರುವಂತೆ ಕೇಳಿಸುವುದು ಅದು ಬೀಳುವ ಜಾಗ ಬದಲಾಗುವುದರಿಂದ. ಆ ಕತ್ತರಿಯ ಏಟು ಅಷ್ಟು ಬಿರುಸಾಗಿ ತಾಗುವುದೂ ಅದರಿಂದಲೇ ಎಂದು ನನಗೀಗ ಖಚಿತವಾಗಿದೆ.

ತಂತಿ ಬರುವವರೆಗೆ ಇದೇ ತಂಡದ 2008ರ ‘ಬ್ಲೀಡ್’ ಕೈಗೆತ್ತಿಕೊಳ್ಳುವ ಆಸೆಯಿದೆ. ಅದರಲ್ಲಿ ಮೂರು ಮಾತ್ರೆಯ ಗುಂಪಿನ ಒಂದು ಮಾತ್ರೆ ಎರಡಾಗಿ ಒಡೆದು, ಕಾಲಿನ ಡ್ರಮ್ಮಿಗೆ ನಾಲ್ಕು ಪೆಟ್ಟು ದಕ್ಕುತ್ತದೆ. ಈ ಸಲ ಗ್ರಿಡ್ ತೆರೆಯುವ ಮೊದಲೇ ತಾಳ ಹಾಕಿ ನೋಡುತ್ತೇನೆ.