ಸೊನ್ನೆ ಎಂದು ಬರೆದಿದ್ದ ನೋವು

ಮಕ್ಕಳ ಸರ್ಜರಿ ವಾರ್ಡಿನಲ್ಲಿ ನಾನು ನರ್ಸ್. ಕಾಗದದ ಚಾರ್ಟ್ ಹೋಗಿ ಕಂಪ್ಯೂಟರ್ ಬಂದ ಹೊಸದರ ಮಾತು. ಅಪೆಂಡಿಕ್ಸ್ ಆಪರೇಷನ್ ಆದ 6 ವರ್ಷದ ಹುಡುಗನೊಬ್ಬನಿದ್ದ. ನೈಟ್ ಡ್ಯೂಟಿಗೆ ಬಂದು ನೋಡಿದರೆ ಸಂಜೆಯಿಂದ ಅವನ ನೋವಿನ ಅಂಕ ಸಾಲಾಗಿ 0, 0, 0. ಹಾವೇರಿ ಕಡೆಯ ಅವನ ತಾಯಿ ಮಾತ್ರ, "ನಮ್ಮ ಹುಡುಗ ಹಿಂಗ ಸುಮ್ಮನ ಮಲಗಾಂವ ಅಲ್ಲರೀ ಸಿಸ್ಟರ್" ಅಂದರು.

ಹತ್ತಿರ ಹೋದೆ. ಕಾಲು ಹೊಟ್ಟೆಗೆ ಎಳೆದುಕೊಂಡು ಹಲ್ಲು ಕಚ್ಚಿ ಮಲಗಿದ್ದ. ನೋವಿದೆಯಾ ಪುಟ್ಟಾ ಎಂದರೆ ಇಲ್ಲ ಅಂತ ತಲೆಯಾಡಿಸಿದ. ಕಣ್ಣೆಲ್ಲ ನನ್ನ ಕೈಯಲ್ಲಿದ್ದ ಟ್ರೇ ಮೇಲೆ. ನೋವು ಅಂದರೆ ಸೂಜಿ ಚುಚ್ಚುತ್ತಾರೆ ಎಂಬ ಭಯ! ಮಗುವನ್ನು ನೋಡಿಯೇ ನೋವು ಅಳೆಯುವ ಫ್ಲ್ಯಾಕ್ ಮಾಪನದಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನ, ಇವು ಐದಕ್ಕೂ 0ಯಿಂದ 2 ಅಂಕ. ಎಣಿಸಿದರೆ 10ಕ್ಕೆ 6 ಬಂತು. ಪ್ಯಾರಸಿಟಮಾಲ್ ಆರ್ಡರ್ ಇತ್ತು, ಆದರೆ ಎಸ್‌ಒಎಸ್, ಬೇಕೆನಿಸಿದಾಗ ಮಾತ್ರ. ಬೇಕು ಅಂತ ಯಾರಿಗೂ ಅನಿಸದೆ ಒಂದು ಡೋಸೂ ಹೋಗಿರಲಿಲ್ಲ. ಸೂಜಿ ಇಲ್ಲಪ್ಪಾ, ಇದೇ ಪೈಪಿನಲ್ಲಿ ಎಂದು ತೋರಿಸಿ ಡ್ರಿಪ್‌ನಲ್ಲೇ ಕೊಟ್ಟೆ. ಸ್ವಲ್ಪ ಹೊತ್ತಿಗೆ ಕಾಲು ಚಾಚಿ ನಿದ್ದೆಹೋದ.

ಆ ಸೊನ್ನೆಗಳು ಬಂದದ್ದೆಲ್ಲಿಂದ? ಪರದೆ ತೆರೆದಾಗಲೇ ನೋವಿನ ಜಾಗದಲ್ಲಿ 0 ತುಂಬಿರುತ್ತಿತ್ತು. ಜ್ವರ, ನಾಡಿ ಹಾಕಿ ಸೇವ್ ಒತ್ತಿದರೆ ಅದೂ ದಾಖಲಾಗುತ್ತಿತ್ತು. ನೋವಿಲ್ಲದ ಮಗುವೂ ಯಾರೂ ನೋಡದ ಮಗುವೂ ಅಲ್ಲಿ ಒಂದೇ. ನನ್ನ ಹಳೆಯ ದಾಖಲೆ ತೆಗೆದೆ. ಅಂಥ ಸೊನ್ನೆಗಳ ಪಕ್ಕ ನನ್ನ ಹೆಸರೂ ಇತ್ತು. ಅವತ್ತು ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.

ಡಾಕ್ಟರ ಜೊತೆ, ಕಂಪ್ಯೂಟರ್ ವಿಭಾಗದವರ ಜೊತೆ ಕೂತು ಮೊದಲು ಆ ಸೊನ್ನೆ ತೆಗೆಸಿದೆವು. ನೋಡದಿದ್ದರೆ ಜಾಗ ಖಾಲಿಯೇ ಇರಲಿ, ಖಾಲಿ ಇದ್ದರೆ ಕಣ್ಣಿಗೆ ಬೀಳುತ್ತದೆ. ವಯಸ್ಸಿಗೆ ತಕ್ಕ ಮಾಪನ ತಾನೇ ತೆರೆಯುವಂತಾಯಿತು. ಪುಟ್ಟವರಿಗೆ ಫ್ಲ್ಯಾಕ್, ಆಮೇಲೆ ಮಗುವೇ ಬೆರಳಿಟ್ಟು ತೋರಿಸುವ ಮುಖದ ಚಿತ್ರಗಳು, 8 ವರ್ಷ ದಾಟಿದವರಿಗೆ ತಾವೇ ಹೇಳುವ ಅಂಕಿ. ಆಪರೇಷನ್ ಆದವರಿಗೆ ಮೊದಲೆರಡು ದಿನ ಪ್ಯಾರಸಿಟಮಾಲ್ ಎಸ್‌ಒಎಸ್ ಅಲ್ಲ, ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 6 ಗಂಟೆಗೊಮ್ಮೆ. ಬೇಡವಾದರೆ ಡಾಕ್ಟರು ಕಾರಣ ಬರೆಯಬೇಕು. ಡ್ರಿಪ್‌ನಲ್ಲಿ ಕೊಟ್ಟ 30 ನಿಮಿಷಕ್ಕೆ, ಬಾಯಲ್ಲಿ ಕೊಟ್ಟ ಒಂದು ಗಂಟೆಗೆ ಮತ್ತೆ ನೋಡಿ ಎಂದು ಕೆಲಸದ ಪಟ್ಟಿಯಲ್ಲಿ ಬರುತ್ತದೆ.

ಎಲ್ಲವೂ ಕೂಡಿಬರಲಿಲ್ಲ. ಅಂಕ 4 ದಾಟಿದರೆ ಪರದೆಗೆ ಅಡ್ಡ ಬರುವ ಎಚ್ಚರಿಕೆ ಹಾಕಿಸಿದ್ದೆವು. ಕೆಲವೇ ದಿನಕ್ಕೆ ಎಲ್ಲರೂ ಓದದೆ ಮುಚ್ಚತೊಡಗಿದರು. ಅದನ್ನು ತೆಗೆಸಿ ಹಾಸಿಗೆಗಳ ಪಟ್ಟಿಯಲ್ಲಿ ಬಣ್ಣ ಬರುವಂತೆ ಮಾಡಿದೆವು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು "ಮನೆಯವರು ಏನನ್ನುತ್ತಾರೆ" ಎಂಬ ಪುಟ್ಟ ಜಾಗ. ಮಾತು ಬಾರದ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಒಬ್ಬ ಹುಡುಗಿಯ ಅಜ್ಜಿ ಹೇಳಿದ್ದು ಹಾಗೇ ಬರೆದಿದ್ದೇವೆ: "ನೋವಾದ್ರೆ ಅಳಲ್ಲ, ಎಡಗೈ ಹೆಬ್ಬೆರಳು ಮಡಚ್ಕೋತಾಳೆ." ಶಿಫ್ಟ್ ಬದಲಾದರೂ ಆ ಮಾತು ಉಳಿಯುತ್ತದೆ.

ಈಗ ಸೂಜಿಯ ಭಯದ ಬೆನ್ನು ಬಿದ್ದಿದ್ದೇವೆ. ಲಿಗ್ನೋಕೇನ್-ಪ್ರಿಲೋಕೇನ್ ಮುಲಾಮು ಹಚ್ಚಿ 60 ನಿಮಿಷ ಬಿಟ್ಟರೆ ಚರ್ಮ ಮರಗಟ್ಟುತ್ತದೆ. ಆದರೆ ರಕ್ತ ತೆಗೆಯುವವರು ಬಾಗಿಲಿಗೆ ಬಂದಾಗಲೇ ನಮಗದು ನೆನಪಾಗುವುದು. ಬೆಳಗಿನ 6ರ ಪರೀಕ್ಷೆಗೆ 5ಕ್ಕೇ ಮುಲಾಮು ನಮ್ಮ ಪಟ್ಟಿಗೆ ಬರಲಿ ಎಂದು ಕೇಳಿದ್ದೇವೆ. ಮೆಲ್ಲಗೆ ಹಚ್ಚಿದರೆ ಮಗುವಿಗೆ ಎಚ್ಚರವೂ ಆಗುವುದಿಲ್ಲ.