ಬಾರ್ಲಿ ತೆನೆಯ ಮೊಂತಿ ಹಬ್ಬ

ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ನಮ್ಮೂರ ಗದ್ದೆಗಳಲ್ಲಿ ಭತ್ತದ ತೆನೆ ಹಾಲುಗಟ್ಟಿ ತಲೆಬಾಗತೊಡಗಿರುತ್ತದೆ. ನಾನು ನರ್ಸ್ ಆಗಿ ದುಡಿಯುತ್ತಿರುವ ಐರ್ಲೆಂಡಿನ ಕಿಲ್ಡೇರ್ ಕೌಂಟಿಯಲ್ಲಿ ಅದೇ ವಾರಕ್ಕೆ ಬಾರ್ಲಿಯ ಕಟಾವು ಬಹುತೇಕ ಮುಗಿದು, ಹೊಲದಲ್ಲಿ ಕೂಳೆಯೂ ಹುಲ್ಲಿನ ಉರುಳೆಗಳೂ ಮಾತ್ರ ಉಳಿದಿರುತ್ತವೆ. ಕರಾವಳಿಯ ಕಥೋಲಿಕರಾದ ನಾವು ಸೆಪ್ಟೆಂಬರ್ 8ರಂದು ಆಚರಿಸುವ, ಯೇಸುವಿನ ತಾಯಿ ಮರಿಯಳ ಜನ್ಮದಿನವಾದ ಮೊಂತಿ ಹಬ್ಬಕ್ಕೆ ತೆನೆಯೇ ಜೀವ. ತೆನೆಯಿಲ್ಲದೆ ಚರ್ಚಿನ ಬಲಿಪೂಜೆ ನಡೆದೀತು, ಹಬ್ಬ ನಡೆಯದು. ಆದ್ದರಿಂದ 2025ರಲ್ಲಿ, ಆಗಸ್ಟ್ 30ರಂದು ಹಬ್ಬದ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾ ಆರಂಭವಾದ ದಿನದಿಂದಲೇ ನನ್ನ ಗಂಡ ಕೆಲಸ ಮುಗಿಸಿ ಬರುವಾಗಲೆಲ್ಲ ಕಾರು ನಿಲ್ಲಿಸಿ ಹೊಲಗಳ ಬೇಲಿಯ ಮೇಲಿಂದ ಇಣುಕಿ ನೋಡತೊಡಗಿದರು.

ಊರಿನಲ್ಲಿ ಹುಡುಕುವ ಪ್ರಶ್ನೆಯೇ ಇರಲಿಲ್ಲ. ನಮಗೆ ಸ್ವಂತ ಗದ್ದೆ ಇರಲಿಲ್ಲವಾದರೂ ಪಕ್ಕದ ಹಾಲಕ್ಕಿ ಒಕ್ಕಲಿಗರ ಗದ್ದೆಯಿಂದ ಪ್ರತಿ ವರ್ಷವೂ ಒಂದು ಹಿಡಿ ತೆನೆ ಬರುತ್ತಿತ್ತು. ತಮ್ಮ ಮನೆಯ ಹೊಸ್ತಿಗೆ, ಅಂದರೆ ಹೊಸ ಬೆಳೆಯ ಹಬ್ಬಕ್ಕೆ, ಕದಿರು ಕಟ್ಟುವ ಅವರಿಗೆ, ಹೊಸ ಬೆಳೆ ದೇವರ ಮುಂದೆ ಹೋಗಬೇಕು ಎಂಬುದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಒಂಬತ್ತು ದಿನವೂ ಮಕ್ಕಳಾದ ನಾವು ಬುಟ್ಟಿಯಲ್ಲಿ ಡೇರೆ, ಅಬ್ಬಲಿಗೆ, ದಾಸವಾಳ, ಬೇಲಿಯ ಗೌರಿ ಹೂಗಳನ್ನು ತುಂಬಿಕೊಂಡು ಇಗರ್ಜಿಗೆ (ಚರ್ಚಿಗೆ) ಹೋಗಿ, ಬಾಲಮರಿಯಳ ಮೂರ್ತಿಯ ಮೇಲೆ ಹಾಡುತ್ತ ಎರಚುತ್ತಿದ್ದೆವು. ಹಬ್ಬದ ದಿನ ಪಾದ್ರಿಗಳು ಮಂತ್ರಿಸಿದ ತೆನೆಯನ್ನು ಅಪ್ಪ ಮನೆಗೆ ತಂದು ಪೀಠದ ಮೇಲಿಟ್ಟರೆ, ಅಮ್ಮ ಅದರಿಂದ ಒಂದಿಷ್ಟು ಕಾಳು ಸುಲಿದು, ಅರೆದು, ತೆಂಗಿನ ಹಾಲು ಮತ್ತು ಬೆಲ್ಲಕ್ಕೆ ಬೆರೆಸಿ, ಪ್ರಾರ್ಥನೆಯಾದ ಮೇಲೆ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಿದ್ದಳು. ಮೀನಿಲ್ಲದೆ ಅನ್ನ ಇಳಿಯದ ಕರಾವಳಿಯ ಮನೆಯಲ್ಲಿ ಅಂದು ಬಾಳೆ ಎಲೆಯ ಮೇಲೆ ಸೊಪ್ಪು ತರಕಾರಿಯ ಊಟ. ಪಲ್ಯಗಳ ಎಣಿಕೆ ಮೂರು, ಐದು, ಏಳು ಹೀಗೆ ಬೆಸವಾಗಿಯೇ ಇರಬೇಕು. ಈ ಹಬ್ಬವನ್ನು 1763ರ ಸುಮಾರಿಗೆ ಮಂಗಳೂರು ಬಳಿಯ ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ ಜೋಕಿಂ ಮಿರಾಂಡಾ ಪಾದ್ರಿಗಳು ಆರಂಭಿಸಿದರೆಂದು ಹಿರಿಯರು ಹೇಳುತ್ತಾರೆ. ನೆಲದ ಸುಗ್ಗಿಯ ವಾಡಿಕೆಗೂ ಧರ್ಮಸಭೆಯ ಪಂಚಾಂಗಕ್ಕೂ ಅಲ್ಲಿ ಗಂಟು ಬಿದ್ದದ್ದನ್ನು ನಾನು ರಾಜಿಯೆಂದು ಎಂದೂ ಭಾವಿಸಿಲ್ಲ.

ಈ ಸಲ ಹಬ್ಬಕ್ಕೆ ಮೊದಲು ಮನಸ್ಸು ನೆಟ್ಟಗಿರಲಿಲ್ಲ. ಜುಲೈ ತಿಂಗಳಲ್ಲಿ ಡಬ್ಲಿನ್‌ನ ಟಾಲಾದಲ್ಲಿ ಭಾರತೀಯರೊಬ್ಬರ ಮೇಲೆ ನಡೆದ ಹಲ್ಲೆಯ ನಂತರ ಅಂಥದೇ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಆಗಸ್ಟ್‌ನಲ್ಲಿ ನಡೆಯಬೇಕಿದ್ದ ಇಂಡಿಯಾ ಡೇ ಕಾರ್ಯಕ್ರಮವನ್ನು ಸಂಘಟಕರು ಮುಂದೂಡಿದರು. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ನನಗೆ ಹುಡುಗನೊಬ್ಬ ನಿನ್ನ ದೇಶಕ್ಕೆ ಹೋಗು ಎಂದು ಕೂಗಿ ಹೋದದ್ದೂ ಅದೇ ವಾರ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಒಂದು ಕರಪತ್ರ. ನೊವೆನಾದ ಎರಡನೆಯ ದಿನ ಭಾನುವಾರವಾಗಿತ್ತು. ಪೂಜೆ ಮುಗಿಸಿ ಹೊರಬರುವಾಗ ಚರ್ಚಿನ ಗೇಟಿನ ಆಚೆ, ರಸ್ತೆಯ ಬದಿಯಲ್ಲಿ ನಿಂತಿದ್ದವರೊಬ್ಬರು ಬಹಳ ವಿನಯದಿಂದಲೇ ಅದನ್ನು ನನ್ನ ಕೈಗಿತ್ತರು. ಒಂದು ಮಗ್ಗುಲಲ್ಲಿ ಗರ್ಭದಲ್ಲಿರುವ ಶಿಶುವಿನ ಜೀವವನ್ನು ಕಾಪಾಡಬೇಕೆಂಬ ಮಾತು, ಕೆಳಗೆ ಜಪಮಾಲೆಯ ಚಿತ್ರ. ಓದುತ್ತ ಮನಸ್ಸಿನಲ್ಲೇ ಹೌದೆಂದೆ. ಹಾಳೆ ತಿರುಗಿಸಿದರೆ, ವಲಸೆ ಬಂದವರಿಂದ ದೇಶ ಹಾಳಾಗುತ್ತಿದೆ, ಅವರನ್ನು ಹೊರಗಟ್ಟಬೇಕು ಎಂದು ದಪ್ಪಕ್ಷರದಲ್ಲಿತ್ತು. ಹಾಳೆಯ ಒಂದು ಮಗ್ಗುಲು ನನ್ನ ನಂಬಿಕೆ, ಇನ್ನೊಂದು ಮಗ್ಗುಲು ನಾನೇ.

ಸಂಪ್ರದಾಯವನ್ನು ಉಳಿಸುತ್ತೇವೆ ಎನ್ನುವವರು ಸಂಪ್ರದಾಯವನ್ನು ಪೂರ್ತಿ ಓದುವುದಿಲ್ಲ ಎಂಬುದು ನನ್ನ ಆಕ್ಷೇಪ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ನಮ್ಮ ಮನೆಯಲ್ಲಿದೆ. ಅದರ 2270ನೆಯ ಪರಿಚ್ಛೇದವು ಮನುಷ್ಯಜೀವವನ್ನು ಗರ್ಭಧಾರಣೆಯ ಕ್ಷಣದಿಂದಲೇ ಗೌರವಿಸಿ ಕಾಪಾಡಬೇಕೆಂದು ಹೇಳುತ್ತದೆ. ಅದೇ ಗ್ರಂಥದ 2241ನೆಯ ಪರಿಚ್ಛೇದವು, ಸ್ಥಿತಿವಂತ ದೇಶಗಳು ತಮ್ಮ ಶಕ್ತಿ ಇರುವಷ್ಟೂ ಬದುಕು ಹುಡುಕಿ ಬಂದ ಪರದೇಶದವರನ್ನು ಬರಮಾಡಿಕೊಳ್ಳಬೇಕೆಂದೂ, ಸರ್ಕಾರಗಳು ಸಮಾಜದ ಒಳಿತಿಗಾಗಿ ಅದಕ್ಕೆ ಷರತ್ತು ವಿಧಿಸಬಹುದೆಂದೂ, ಬಂದವರು ತಮ್ಮನ್ನು ಬರಮಾಡಿಕೊಂಡ ನೆಲದ ಪರಂಪರೆಯನ್ನು ಕೃತಜ್ಞತೆಯಿಂದ ಗೌರವಿಸಿ, ಕಾನೂನನ್ನು ಪಾಲಿಸಿ, ನಾಗರಿಕ ಹೊಣೆಯಲ್ಲಿ ಪಾಲುಗೊಳ್ಳಬೇಕೆಂದೂ ಹೇಳುತ್ತದೆ. ಮೂರನೆಯದು ನನಗೆ ಹೇಳಿದ ಮಾತು. ಅದನ್ನು ನಾನು ಮರೆಯಕೂಡದು. ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು 13ನೆಯ ಲಿಯೋ ಪೋಪರು 1891ರ ತಮ್ಮ ರೇರುಮ್ ನೊವಾರುಮ್ ವಿಶ್ವಪತ್ರದಲ್ಲಿ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಈಗಿನ ಪೋಪರು 14ನೆಯ ಲಿಯೋ ಎಂಬ ಹೆಸರು ಹಿಡಿಯಲು ಮುಖ್ಯ ಕಾರಣವಾಗಿ ಆ ಪತ್ರವನ್ನೇ ನೆನೆದರು. ಈ ಬೋಧನೆಯನ್ನು ಇಡಿಯಾಗಿ ಹೊರುವ ರಾಜಕೀಯ ಪಕ್ಷ ನನಗೆ ಇಲ್ಲಿಯೂ ಕಂಡಿಲ್ಲ, ಊರಿನಲ್ಲಿಯೂ ಕಂಡಿಲ್ಲ. ಒಬ್ಬರಿಗೆ 2270 ಬೇಕು, ಇನ್ನೊಬ್ಬರಿಗೆ 2241ರ ಮೊದಲ ಸಾಲು ಮಾತ್ರ ಬೇಕು.

ಐರ್ಲೆಂಡಿನವರು ನಂಬಿಕೆ ಬಿಟ್ಟರು ಎಂದು ನಮ್ಮವರು ಸುಲಭವಾಗಿ ಹೇಳಿಬಿಡುತ್ತಾರೆ. ಗರ್ಭಪಾತ ನಿಷೇಧವನ್ನು ಸಂವಿಧಾನದಿಂದ ತೆಗೆಯಲು 2018ರ ಜನಮತಗಣನೆಯಲ್ಲಿ 66.4 ಶೇಕಡ ಮತ ಬಿದ್ದದ್ದು ನಿಜ. ಆದರೆ 2022ರ ಜನಗಣತಿಯಲ್ಲೂ 69 ಶೇಕಡ ಜನ ತಾವು ಕಥೋಲಿಕರೆಂದೇ ಬರೆಸಿದ್ದಾರೆ. ಈ ಎರಡು ಅಂಕಿಗಳ ನಡುವೆ ಏನು ನಡೆದಿದೆ ಎಂಬುದನ್ನು ನನಗೆ ತಿಳಿಸಿದವರು ನನ್ನ ಜೊತೆ ಪಾಳಿ ಮಾಡುವ ಹಿರಿಯ ನರ್ಸ್. ಧರ್ಮಸಭೆಯ ಸಂಸ್ಥೆಗಳಲ್ಲಿ ಮಕ್ಕಳು ದಶಕಗಳ ಕಾಲ ಅನುಭವಿಸಿದ ಹಿಂಸೆಯನ್ನು ದಾಖಲಿಸಿದ ರಯಾನ್ ಆಯೋಗದ ವರದಿ 2009ರಲ್ಲಿ ಹೊರಬಂದ ಮೇಲೆ ಅವರು ಪೂಜೆಗೆ ಹೋಗುವುದನ್ನು ನಿಲ್ಲಿಸಿದರಂತೆ. ಬೋಧನೆಯ ಬಗ್ಗೆ ಅವರಿಗೆ ತಕರಾರು ಇರಲಿಲ್ಲ, ಬೋಧಿಸಿದವರ ಮುಖ ನೋಡಲಾಗಲಿಲ್ಲ. ಅವರಿಗೆ ನಾನು ಯಾವ ಧರ್ಮೋಪದೇಶವನ್ನೂ ಮಾಡಲಿಲ್ಲ. ಮಾಡುವ ಅರ್ಹತೆ ಯಾರಿಗಿದೆಯೋ ಗೊತ್ತಿಲ್ಲ.

ಊರಿನಲ್ಲಿ ನಾವು ಬಹುಸಂಖ್ಯಾತರ ನಡುವಿನ ಸಣ್ಣ ಸಮುದಾಯ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರ ಉದ್ವಿಗ್ನವಾಗಿ ಜನ ಮನೆಯೊಳಗೆ ಉಳಿದದ್ದನ್ನು ಅಮ್ಮ ಫೋನಿನಲ್ಲಿ ಪಿಸುದನಿಯಲ್ಲಿ ಹೇಳಿದ್ದಳು. 2022ರಲ್ಲಿ ಮತಾಂತರ ತಡೆಯ ಕಾನೂನು ಬಂದಾಗ ಇಗರ್ಜಿಯ ವಠಾರದಲ್ಲಿ ಎಲ್ಲರಿಗೂ ಅದೇ ಮಾತು. ಇಲ್ಲಿ ಬಹುಸಂಖ್ಯಾತರ ಧರ್ಮವೇ ನಮ್ಮದು, ಆದರೂ ಹೊರಗಿನವರು. ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಸಂತ ಜೋಸೆಫ್ ವಾಜ್. 1651ರಲ್ಲಿ ಗೋವೆಯಲ್ಲಿ ಹುಟ್ಟಿ, 1681ರಿಂದ ಕೆಲವು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದ ಈ ಪಾದ್ರಿ, ಕಥೋಲಿಕರ ಮೇಲೆ ಡಚ್ಚರು ನಿರ್ಬಂಧ ಹೇರಿದ್ದ ಸಿಂಹಳಕ್ಕೆ 1687ರಲ್ಲಿ ಬಡವನ ವೇಷದಲ್ಲಿ ಹೋದರು. ಹಿಂಸಿಸಿದ ಡಚ್ಚರೂ ಕ್ರೈಸ್ತರೇ, ಕ್ಯಾಂಡಿಯಲ್ಲಿ ಮೊದಲು ಗೂಢಚಾರನೆಂದು ಸೆರೆಯಲ್ಲಿಟ್ಟರೂ ಕೊನೆಗೆ ಆಸರೆ ಕೊಟ್ಟವನು ಬೌದ್ಧ ಅರಸ. 2015ರಲ್ಲಿ ಅವರನ್ನು ಸಂತರೆಂದು ಸಾರಿದಾಗ ಅಮ್ಮ ನಮ್ಮ ಮನೆಯ ಪೀಠಕ್ಕೆ ಅವರದೊಂದು ಚಿತ್ರ ತಂದಿಟ್ಟಿದ್ದಳು.

ತೆನೆ ಸಿಕ್ಕಿದ್ದು ಸೆಪ್ಟೆಂಬರ್ 5ರ ಸಂಜೆ. ಕಟಾವು ಯಂತ್ರಕ್ಕೆ ತಿರುಗಲು ಎಡೆಯಿಲ್ಲದ ಹೊಲದ ಮೂಲೆಯೊಂದರಲ್ಲಿ ಬಾರ್ಲಿ ಹಾಗೆಯೇ ನಿಂತಿತ್ತು. ಗಂಡ ಆ ಮನೆಯ ಬಾಗಿಲು ತಟ್ಟಿ, ದೇವರಿಗೆ ಇಡಲು ಒಂದು ಹಿಡಿ ಬೇಕೆಂದು ಹೇಳಿದಾಗ ರೈತರು ಸ್ವಲ್ಪ ಹೊತ್ತು ಮುಖ ನೋಡಿ, ಒಳಗೆ ಹೋಗಿ ಕತ್ತರಿ ತಂದುಕೊಟ್ಟರಂತೆ. ವಿಡಿಯೋ ಕರೆಯಲ್ಲಿ ತೆನೆ ತೋರಿಸಿದಾಗ ಅಮ್ಮ ಮೊದಲು ಹೇಳಿದ್ದು, ಇದೇನು, ಶೆಟ್ಲಿ (ಸಿಗಡಿ) ಮೀಸೆಯಂತಿದೆಯಲ್ಲ, ಇವತ್ತು ಮೀನು ವಾಸನೆ ಕೂಡದು ಎಂದು. ಹೂವಿನ ಚಿಂತೆ ಬೇರೆ ರೀತಿಯಲ್ಲಿ ಕಳೆಯಿತು. ಪೂಜೆಗೆ ಮುಂಚೆ ದಿನವೂ ಜಪಸರ ನಡೆಸುವ ನೆರೆಯ ಅಜ್ಜಿಯೊಬ್ಬರ ಅಂಗಳದಲ್ಲಿ ಡೇರೆ ತುಂಬಿಕೊಂಡಿತ್ತು. ಅದೇ ಡೇರೆ, ಗಾತ್ರ ಮಾತ್ರ ಮಗಳ ಮುಖದಷ್ಟು. 2018ರ ಜನಮತಗಣನೆಯಲ್ಲಿ ಮನೆಮನೆಗೆ ಹೋಗಿ, ಗರ್ಭಪಾತ ನಿಷೇಧ ತೆಗೆಯುವುದರ ವಿರುದ್ಧ ಮತ ಕೇಳಿದವರು ಅವರು. ಕರಪತ್ರವನ್ನು ತೋರಿಸಿದಾಗ ಒಂದು ಮಗ್ಗುಲು ಓದಿ ತಲೆಯಾಡಿಸಿ, ಇನ್ನೊಂದು ಮಗ್ಗುಲು ಓದಿ ಕೆಂಪಾಗಿ, ಹೂವು ಕತ್ತರಿಸಲು ತೋಟಕ್ಕೆ ಹೋದರು.

ಸೆಪ್ಟೆಂಬರ್ 8 ಸೋಮವಾರವಾದ್ದರಿಂದ ಹಬ್ಬವನ್ನು ಭಾನುವಾರವೇ ಇಟ್ಟುಕೊಂಡೆವು. ಕರಾವಳಿಯ ಆರು ಕುಟುಂಬ, ಕೇರಳದ ಎರಡು, ಜೊತೆಗೆ ಪೂಜೆಗೆ ಬಂದಿದ್ದ ಇಲ್ಲಿಯವರು. ಇಲ್ಲಿ ಆಗಸ್ಟ್ 15ರ ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಐರಿಷ್ ಭಾಷೆಯಲ್ಲಿ ಸುಗ್ಗಿಯ ಮರಿಯಳ ಹಬ್ಬವೆಂದೇ ಹೆಸರೆಂದು ಫಾದರ್ ನೆನಪಿಸಿ, ಬಾರ್ಲಿಯ ಮೇಲೆ ತೀರ್ಥ ಚಿಮುಕಿಸಿದರು. ಮಕ್ಕಳು ಡೇರೆಯ ಎಸಳು ಎರಚಿದರು. ಊರಿನಲ್ಲಿ ಮಕ್ಕಳಿಗೆ ಕೊಡುವ ಕಬ್ಬಿನ ತುಂಡಿನ ಬದಲು ಚಾಕೊಲೇಟು ಸಿಕ್ಕಿದ್ದರಿಂದ ಯಾರೂ ದೂರಲಿಲ್ಲ.

ಕಾಳು ಸುಲಿಯುವುದೇ ದೊಡ್ಡ ಪಾಡಾಯಿತು. ಭತ್ತದ ಎಳೆಕಾಳು ಉಗುರಿಗೆ ಬಿಟ್ಟುಕೊಳ್ಳುತ್ತದೆ. ಒಣಗಿದ ಬಾರ್ಲಿಯ ಹೊಟ್ಟು ಕಾಳಿಗೆ ಅಂಟಿಕೊಂಡೇ ಇರುತ್ತದೆ. ಎಂಟು ಕಾಳು ನೆನೆಸಿ, ಚಾಕುವಿನ ತುದಿಯಿಂದ ಕೆರೆದು, ಏಲಕ್ಕಿ ಕುಟ್ಟುವ ಕಲ್ಲಿನಲ್ಲಿ ಜಜ್ಜಿ, ಡಬ್ಬಿಯ ತೆಂಗಿನ ಹಾಲಿಗೆ ಬೆರೆಸಿದೆ. ಆದರೂ ಒಂದು ಮೀಸೆಯ ಚೂರು ಉಳಿದು ಗಂಡನ ಗಂಟಲಲ್ಲಿ ಸಿಕ್ಕಿ, ಪ್ರಾರ್ಥನೆಯ ಕೊನೆಯ ಸಾಲನ್ನು ಅವರು ಕೆಮ್ಮುತ್ತಲೇ ಮುಗಿಸಿದರು. ಊಟಕ್ಕೆ ಕೂತ ಅಜ್ಜಿ ಪಲ್ಯಗಳನ್ನು ಎಣಿಸಿ, ಐದೇ ಏಕೆ ಎಂದು ಕೇಳಿದರು. ಅಮ್ಮ ಹಾಗೆ ಮಾಡುತ್ತಿದ್ದಳು ಎಂದೆ. ತಮ್ಮ ತಾಯಿಯೂ ಇಂಥ ಉತ್ತರವನ್ನೇ ಕೊಡುತ್ತಿದ್ದರೆಂದು ಅವರು ನಕ್ಕರು.

ಉಳಿದ ತೆನೆಯಲ್ಲಿ ಎರಡು ನಮ್ಮ ಪೀಠದ ಶಿಲುಬೆಗೆ ಕಟ್ಟಿವೆ, ಎರಡನ್ನು ಅಜ್ಜಿ ಒಯ್ದರು. ಕತ್ತರಿ ಹಿಂತಿರುಗಿಸಲು ಪಾಯಸದ ಡಬ್ಬಿಯೊಂದಿಗೆ ಹೋದಾಗ, ಮುಂದಿನ ವರ್ಷ ಆ ಮೂಲೆಯಲ್ಲಿ ಎರಡು ಮಾರು ಜಾಗ ಬಿಟ್ಟೇ ಕೊಯ್ಯುವುದಾಗಿ ರೈತರು ಹೇಳಿದ್ದಾರೆ. ಅವರು ಚರ್ಚಿಗೆ ಬರುವವರಲ್ಲ. ಮತ ಯಾರಿಗೆ ಹಾಕುತ್ತಾರೆಂದು ನಾವು ಕೇಳಲಿಲ್ಲ.